120 ನಿಮಿಷದ ಗಾಜು ಎರಡು, ಬೆಲೆ ಅಜಗಜಾಂತರ: ಮೆಟ್ಟಿಲ ಗೋಡೆಗೆ ಯಾವುದು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನೆಲಮಹಡಿ ಸೇರಿ ಐದು ಅಂತಸ್ತಿನ ನರ್ಸಿಂಗ್ ಹೋಂ ಕಟ್ಟುತ್ತಿದ್ದೇವೆ. ಪ್ರತಿ ಮಹಡಿಯಲ್ಲೂ ವಾರ್ಡ್ ಕಾರಿಡಾರ್ ಮತ್ತು ಮೆಟ್ಟಿಲಿನ ನಡುವೆ 8 ಅಡಿ ಅಗಲದ ಗಾಜಿನ ಗೋಡೆ, ಅದರಲ್ಲೇ ಬಾಗಿಲು. ಎರಡು ಕೊಟೇಶನ್ ಬಂದಿವೆ. ಎರಡರಲ್ಲೂ ಬರೆದಿರುವುದು ‘120 ನಿಮಿಷದ ಫೈರ್ ರೇಟೆಡ್ ಗಾಜು’ ಅಂತಲೇ. ಒಂದು 6 ಮಿ.ಮೀ. ದಪ್ಪ, ಟೆಸ್ಟ್ ರಿಪೋರ್ಟ್ ಸಹಿತ. ಇನ್ನೊಂದು 50 ಮಿ.ಮೀ. ಮೀರಿದ್ದು, ಬೆಲೆ ಹಲವು ಪಟ್ಟು. ಅಗ್ಗದ್ದು ಸಾಕಾಗುವುದಿಲ್ಲವೇ? ಪಶ್ಚಿಮದ ಗೋಡೆಯಲ್ಲಿ ಪಕ್ಕದ ಕಟ್ಟಡದ ಎದುರಿಗೆ ಒಂದು ದೊಡ್ಡ ಕಿಟಕಿಯೂ ಇದೆ, ಅದಕ್ಕೂ ಇದೇ ಗಾಜು ಆಗುತ್ತದೆಯೇ?

ಉತ್ತರ: ಮೆಟ್ಟಿಲ ಗೋಡೆಗೆ 6 ಮಿ.ಮೀ. ಗಾಜು ಬೇಡ. ಅದನ್ನು ಮಾರುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರ ರಿಪೋರ್ಟ್ ಸಾಚಾನೇ ಇರಬಹುದು. ಆದರೆ ಆ ಗಾಜು 120 ನಿಮಿಷ ತಡೆಯುವುದು ಜ್ವಾಲೆಯನ್ನೂ ಬಿಸಿ ಹೊಗೆಯನ್ನೂ ಮಾತ್ರ. ಶಾಖ ಅದರೊಳಗಿಂದ ಹಾಯಾಗಿ ದಾಟಿ ಬರುತ್ತದೆ. ಕಾರಿಡಾರಿನಲ್ಲಿ ಬೆಂಕಿ ಇದ್ದಾಗ ಮೆಟ್ಟಿಲ ಕಡೆಯ ಲ್ಯಾಂಡಿಂಗಿನಲ್ಲಿ ಸ್ಟ್ರೆಚರ್ ತಿರುಗಿಸುತ್ತಿರುವವರು ಆ ಗಾಜಿನಿಂದ ಒಂದು ಮೀಟರ್ ದೂರದಲ್ಲಿರುತ್ತಾರೆ. ಗೋಡೆ ಬಿದ್ದಿರುವುದಿಲ್ಲ, ಆದರೆ ಅದರ ಮುಂದೆ ಹಾದುಹೋಗಲು ಯಾರಿಂದಲೂ ಆಗುವುದಿಲ್ಲ.

ಕೊಟೇಶನ್‌ಗಳಲ್ಲಿ ನಿಮಿಷದ ಹಿಂದಿರಬೇಕಾದ ಅಕ್ಷರಗಳೇ ಇಲ್ಲ. ಯುರೋಪಿನ ಇಎನ್ 13501-2 ವರ್ಗೀಕರಣದಲ್ಲಿ ಗಾಜಿನ ಗೋಡೆಗೆ ಮೂರು ದರ್ಜೆಗಳಿವೆ, ನಮ್ಮ ಮಾರುಕಟ್ಟೆಯಲ್ಲೂ ಅದೇ ಭಾಷೆ ನಡೆಯುತ್ತದೆ. ‘ಇ’ (E) ಎಂದರೆ ಬಿರುಕು, ಸಂದು ಬಿಡದೆ, ಆಚೆ ಬದಿಗೆ ಜ್ವಾಲೆ ದಾಟದಂತೆ ನಿಲ್ಲುವುದು. ‘ಇಡಬ್ಲ್ಯು’ (EW) ಎಂದರೆ ಅದರ ಜೊತೆಗೆ ಒಂದು ಮೀಟರ್ ದೂರದಲ್ಲಿ ಅಳೆದ ವಿಕಿರಣ ಶಾಖ ಚದರ ಮೀಟರಿಗೆ 15 ಕಿಲೋವ್ಯಾಟ್ ದಾಟಬಾರದು. ‘ಇಐ’ (EI) ಎಂದರೆ ಬೆಂಕಿ ಇಲ್ಲದ ಕಡೆಯ ಗಾಜಿನ ಮೈ ಆರಂಭದ ಉಷ್ಣತೆಗಿಂತ ಸರಾಸರಿ 140 ಡಿಗ್ರಿ, ಯಾವುದೇ ಒಂದು ಬಿಂದುವಿನಲ್ಲಿ 180 ಡಿಗ್ರಿಗಿಂತ ಹೆಚ್ಚು ಏರಬಾರದು. ಅಕ್ಷರಗಳ ಮುಂದಿನ ಸಂಖ್ಯೆ ನಿಮಿಷ. ಹಾಗಾಗಿ ಇ 120 ಮತ್ತು ಇಐ 120 ಎರಡೂ ‘120 ನಿಮಿಷದ ಗಾಜು’ ಎಂದೇ ಬಿಲ್ ಆಗುತ್ತವೆ. ನನ್ನನ್ನು ಕೇಳಿದರೆ, ಜನ ಓಡಾಡುವ ಜಾಗದಲ್ಲಿ ಇಐ 60 ಗಾಜು ಇ 120 ಗಾಜಿಗಿಂತ ಎಷ್ಟೋ ಮೇಲು.

ನಡುವಿನ ಇಡಬ್ಲ್ಯು ಬಗ್ಗೆ ತಪ್ಪು ತಿಳಿವಳಿಕೆ ಬಹಳ. ‘ಶಾಖವನ್ನೂ ತಡೆಯುತ್ತದೆ, ಇಐಗಿಂತ ಅಗ್ಗ’ ಎಂದು ಅದನ್ನು ತಪ್ಪಿಸಿಕೊಳ್ಳುವ ದಾರಿಗೂ ಹಾಕಿಸುತ್ತಾರೆ. ಬರಿಯ ಚರ್ಮ ಅರ್ಧ ನಿಮಿಷದಷ್ಟು ತಾಳಿಕೊಳ್ಳುವುದು ಚದರ ಮೀಟರಿಗೆ ಸುಮಾರು 2.5 ಕಿಲೋವ್ಯಾಟ್. ಕಿಡಿಯೊಂದು ತಾಗಿದರೆ ಮರ ಹೊತ್ತಿಕೊಳ್ಳಲು 12.5 ಸಾಕು. ಹಾಗಿರುವಾಗ 15ರ ಮಿತಿ ಆಚೆ ಕಡೆ ಬೆಂಕಿ ಹರಡದಿರಲಿ ಎಂಬುದಕ್ಕೆ, ಜನ ಹಾದುಹೋಗಲಿ ಎಂಬುದಕ್ಕಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎನ್ನುವುದಕ್ಕೆ ಪರೀಕ್ಷೆಯ ಕುಲುಮೆಯನ್ನು ನೋಡಿ. ಬೆಂಕಿ ಪರೀಕ್ಷೆಗೆ ನಿಗದಿಯಾದ ಐಎಸ್‌ಒ 834 ಉಷ್ಣತಾ ರೇಖೆಯ ಪ್ರಕಾರ ಕುಲುಮೆಯ ಒಳಗೆ 5ನೇ ನಿಮಿಷಕ್ಕೆ 576 ಡಿಗ್ರಿ, 10ಕ್ಕೆ 678, 30ಕ್ಕೆ 842, 60ಕ್ಕೆ 945, 120ಕ್ಕೆ 1049 ಡಿಗ್ರಿ ಸೆಲ್ಸಿಯಸ್. ಸಾದಾ ಫ್ಲೋಟ್ ಗಾಜು, ಅಂದರೆ ಮಾಮೂಲಿ ಕಿಟಕಿ ಗಾಜು, ಇದರ ಮುಂದೆ ಕೆಲವೇ ನಿಮಿಷ. ನಡುಭಾಗ ಕಾದು ಹಿಗ್ಗುತ್ತದೆ, ಫ್ರೇಮಿನೊಳಗಿನ ಅಂಚು ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಅಂಚಿನಿಂದ ಸೀಳುತ್ತದೆ. ಅಂಗಡಿ ಮುಂಗಟ್ಟಿನ ಟಫನ್ಡ್ ಗಾಜು 200 ಡಿಗ್ರಿಯಷ್ಟು ವ್ಯತ್ಯಾಸ ತಾಳುತ್ತದೆ, ಆಮೇಲೆ ಒಮ್ಮೆಲೇ ಪುಡಿಪುಡಿಯಾಗಿ ಸುರಿಯುತ್ತದೆ, ಗೋಡೆ ಇದ್ದ ಕಡೆ ಬಯಲು. ‘12 ಮಿ.ಮೀ. ಟಫನ್ಡ್, ಬೆಂಕಿಗೂ ಆಗುತ್ತದೆ ಸಾರ್’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಬೆಂಕಿಗೆಂದೇ ತಯಾರಾದ ಗಾಜುಗಳಲ್ಲಿ ಎರಡು ಕುಲ. ಮೊದಲನೆಯದು ತೆಳ್ಳಗಿನ ಒಂಟಿ ಹಾಳೆ. ಹಳೆಯ ಕಟ್ಟಡಗಳ ತಂತಿ ಬಲೆಯ ಗಾಜು ಇದರ ಹಿರಿಯಣ್ಣ. ಗಾಜು ಸೀಳಿದರೂ ತಂತಿ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕೈ ಗುದ್ದಿದರೆ ಒಡೆದು ಚೂಪು ಚೂರೂ ತಂತಿಯೂ ಮಾಂಸಕ್ಕೆ ಹೊಗುತ್ತವೆ, ಆಸ್ಪತ್ರೆಗೆ ಖಂಡಿತ ಬೇಡ. ಅದರ ನಂತರ ಬಂದದ್ದು ವಿಶೇಷವಾಗಿ ಹದಗೊಳಿಸಿದ ಸೋಡಾ-ಲೈಮ್ ಗಾಜು. ಇದು 700 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ ಜೋಲತೊಡಗುತ್ತದೆ, ಆಮೇಲೆ ಫ್ರೇಮಿನ ಹಿಡಿತದ ಮೇಲೇ ನಿಂತಿರಬೇಕು. ಹಾಗಾಗಿ ಪರೀಕ್ಷೆಯಲ್ಲಿ ಪಾಸಾದ ಗಾತ್ರಕ್ಕಿಂತ ಒಂದಿಂಚು ದೊಡ್ಡದೂ ಅಪಾಯ. ಬೋರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಸೋಡಾ-ಲೈಮ್‌ನ ಸುಮಾರು ಮೂರನೇ ಒಂದು ಭಾಗ, ಸೆರಾಮಿಕ್ ಗಾಜು ಹಿಗ್ಗುವುದೇ ಇಲ್ಲ ಎನ್ನಬಹುದು. ಕಾದು ಕೆಂಪಾದ ಸೆರಾಮಿಕ್ ಮೇಲೆ ಸ್ಪ್ರಿಂಕ್ಲರ್ ನೀರು ಬಿದ್ದರೂ ಸೀಳುವುದಿಲ್ಲ. ಆದರೆ ಅದು ತಾನಾಗಿ ಸೇಫ್ಟಿ ಗಾಜಲ್ಲ, ಕೈಗೆಟುಕುವ ಎತ್ತರದಲ್ಲಿ ಹಾಕುವುದಾದರೆ ಕಾರ್ಖಾನೆಯಲ್ಲೇ ಫಿಲ್ಮ್ ಅಥವಾ ಲ್ಯಾಮಿನೇಶನ್ ಆಗಿ ಬರಬೇಕು. ಈ ಕುಲದ್ದೆಲ್ಲ ಇ ದರ್ಜೆ, ಹೆಚ್ಚೆಂದರೆ ಲೇಪನದ ಬಲದಿಂದ ಇಡಬ್ಲ್ಯು. ನಿಮ್ಮ 6 ಮಿ.ಮೀ. ಕೊಟೇಶನ್ ಇಲ್ಲಿಯದೇ. ಅಷ್ಟು ತೆಳ್ಳಗಿನ ಪಾರದರ್ಶಕ ಹಾಳೆಯಲ್ಲಿ ಇಐ 120 ಸಾಧ್ಯವೇ ಇಲ್ಲ.

ಎರಡನೆಯ ಕುಲದಲ್ಲಿ ಗಾಜಿನ ಹಾಳೆಗಳ ನಡುವೆ ಶಾಖಕ್ಕೆ ಉಬ್ಬುವ ಪದರ ಇರುತ್ತದೆ. ಪಿಲ್ಕಿಂಗ್ಟನ್ ಪೈರೋಸ್ಟಾಪ್, ಎಜಿಸಿ ಪೈರೋಬೆಲ್‌ನಂಥವುಗಳಲ್ಲಿ 3 ಮಿ.ಮೀ. ಆಸುಪಾಸಿನ ಹಾಳೆಗಳ ನಡುವೆ ಒಂದೂವರೆ ಮಿ.ಮೀ.ನಷ್ಟು ಸೋಡಿಯಂ ಸಿಲಿಕೇಟ್ ಪದರಗಳು. ವೆಟ್ರೋಟೆಕ್ ಕಾಂಟ್ರಾಫ್ಲಾಮ್‌ನಲ್ಲಿ ಎರಡು ಟಫನ್ಡ್ ಹಾಳೆಗಳ ನಡುವೆ ದಪ್ಪ ಜೆಲ್. ಬೆಂಕಿಯ ಕಡೆಯ ಹಾಳೆ ಬೇಗನೆ ಸೀಳುತ್ತದೆ, ಗಾಬರಿ ಬೇಡ, ಅದು ಸೀಳಬೇಕಾದದ್ದೇ. ಸಿಲಿಕೇಟ್ ಪದರ 120 ಡಿಗ್ರಿಯ ಹೊತ್ತಿಗೆ ನೊರೆಯಾಗಿ ಉಬ್ಬಿ ಬೆಳ್ಳಗಾಗುತ್ತದೆ, ಒಳಗಿನ ನೀರು ಆವಿಯಾಗುತ್ತ ಶಾಖವನ್ನು ನುಂಗುತ್ತದೆ. ಒಂದು ಪದರ ಮುಗಿದರೆ ಮುಂದಿನದು. ನಿಮಿಷ ಹೆಚ್ಚಾದಂತೆ ದಪ್ಪ ಹೆಚ್ಚುವುದು ಇದಕ್ಕೇ. ಇಐ 30ಕ್ಕೆ 15-16 ಮಿ.ಮೀ., ಚದರ ಮೀಟರಿಗೆ ಸುಮಾರು 35 ಕೆ.ಜಿ. ಇಐ 60ಕ್ಕೆ 23-25 ಮಿ.ಮೀ., ಸುಮಾರು 55 ಕೆ.ಜಿ. ಇಐ 120ಕ್ಕೆ 50 ಮಿ.ಮೀ. ಆಚೀಚೆ, ತೂಕ 100 ಕೆ.ಜಿ. ದಾಟುತ್ತದೆ. ಗಾಜು ಬೆಳ್ಳಗಾಗುವುದರಿಂದ ಇನ್ನೊಂದು ಲಾಭವೂ ಇದೆ: ಆಚೆಯ ಬೆಂಕಿ ಕಣ್ಣಿಗೆ ಬೀಳುವುದಿಲ್ಲ, ಮೆಟ್ಟಿಲಿಳಿಯುವವರು ದಿಕ್ಕೆಟ್ಟು ಹಿಂದಕ್ಕೆ ಓಡುವುದಿಲ್ಲ.

ಇನ್ನು ಆ ರಿಪೋರ್ಟ್. ಮುಖಪುಟದ 120 ಬಿಟ್ಟು ಫಲಿತಾಂಶದ ಪುಟಕ್ಕೆ ಹೋಗಿ. ಬ್ರಿಟನ್ನಿನ ಬಿಎಸ್ 476 ಭಾಗ 22ರ ರಿಪೋರ್ಟ್ ಆದರೆ ಅಲ್ಲಿ ಎರಡು ಸಾಲು ಇರುತ್ತವೆ, ಇಂಟೆಗ್ರಿಟಿ (ಜ್ವಾಲೆ ದಾಟದಿರುವುದು) ಇಷ್ಟು ನಿಮಿಷ, ಇನ್ಸುಲೇಶನ್ (ಹಿಂಬದಿ ಕಾಯದಿರುವುದು) ಇಷ್ಟು ನಿಮಿಷ. ತೆಳು ಗಾಜಿನ ರಿಪೋರ್ಟಿನಲ್ಲಿ ಎರಡನೆಯ ಸಾಲು ಒಂದಂಕಿಯಲ್ಲಿರುತ್ತದೆ, ಇಲ್ಲವೇ ಅನ್ವಯಿಸುವುದಿಲ್ಲ ಎಂದಿರುತ್ತದೆ. ಅಮೆರಿಕದ ಕಾಗದ ತೋರಿಸಿದರೆ ಪರೀಕ್ಷೆಯ ಹೆಸರು ನೋಡಿ. ಯುಎಲ್ 9, ಯುಎಲ್ 10ಸಿ ಕಿಟಕಿ-ಬಾಗಿಲಿನ ಪರೀಕ್ಷೆಗಳು, ಅವುಗಳಿಂದ ಗೋಡೆಯ ಇಐ ಸಾಬೀತಾಗುವುದಿಲ್ಲ. ಗೋಡೆಗೆ ಸಮನಾದದ್ದು ಎಎಸ್‌ಟಿಎಂ ಇ119 ಅಥವಾ ಯುಎಲ್ 263. ಯುರೋಪಿನದಾದರೆ ಗೋಡೆಗೆ ಇಎನ್ 1364-1, ಬಾಗಿಲಿಗೆ ಇಎನ್ 1634-1. ಗೋಡೆಯ ರಿಪೋರ್ಟ್ ಬಾಗಿಲಿಗೆ ನಡೆಯುವುದಿಲ್ಲ, ಬಾಗಿಲಿನದು ಗೋಡೆಗೆ ನಡೆಯುವುದಿಲ್ಲ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ 2016ರ 4ನೇ ಭಾಗ, ಬೆಂಕಿ ನಿರೋಧಕ್ಕೆ ಕುಸಿಯದಿರುವುದು, ಜ್ವಾಲೆ ದಾಟದಿರುವುದು, ಹಿಂಬದಿ ಕಾಯದಿರುವುದು ಎಂದು ಮೂರು ಮಾನದಂಡ ಹೇಳಿ, ಅವುಗಳಲ್ಲಿ ‘ಕೆಲವನ್ನು ಅಥವಾ ಎಲ್ಲವನ್ನೂ’ ಪೂರೈಸುವುದು ಎನ್ನುತ್ತದೆ. ಆ ‘ಕೆಲವನ್ನು’ ಹಿಡಿದುಕೊಂಡೇ ಇ ಗಾಜು ಮೆಟ್ಟಿಲ ಗೋಡೆಗೂ ಮಾರಾಟವಾಗುತ್ತದೆ. ಮೆಟ್ಟಿಲ ಗೋಡೆ ಎಂದರೆ ಗೋಡೆ. ಇಟ್ಟಿಗೆ ಗೋಡೆ ಶಾಖವನ್ನೂ ತಡೆಯುತ್ತದೆ ತಾನೇ? ಅದರ ಜಾಗಕ್ಕೆ ಬರುವ ಗಾಜೂ ಅಷ್ಟು ಮಾಡಬೇಕು, ಅಂದರೆ ಇಐ. ನಿಮಿಷದ ಮಟ್ಟಿಗೆ ನಿಮ್ಮ ನಕ್ಷೆಯ ಜೊತೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಕೊಟ್ಟ ಷರತ್ತುಪತ್ರವೇ ಅಂತಿಮ. ಮೆಟ್ಟಿಲ ಆವರಣಕ್ಕೆ 120 ಎಂದೇ ಹಿಡಿದು ನಡೆಯಿರಿ. ಆಸ್ಪತ್ರೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಹಾಸಿಗೆ ಹಿಡಿದವರನ್ನು ಎರಡು ನಿಮಿಷದಲ್ಲಿ ಕೆಳಗಿಳಿಸಲು ಆಗುವುದಿಲ್ಲ, ಲ್ಯಾಂಡಿಂಗಿನಲ್ಲಿ ಸರದಿ ನಿಲ್ಲುತ್ತದೆ.

ಮುಂದಿನ ಸಂಗತಿಯನ್ನು ದುಬಾರಿ ಗಾಜು ಮಾರುವವರೂ ನುಂಗಿಕೊಳ್ಳುತ್ತಾರೆ. ರೇಟಿಂಗ್ ಇರುವುದು ಗಾಜಿಗಲ್ಲ. ಗಾಜು, ಫ್ರೇಮ್, ಬೀಡಿಂಗ್ (ಗಾಜನ್ನು ಫ್ರೇಮಿನಲ್ಲಿ ಹಿಡಿದಿಡುವ ಪಟ್ಟಿ), ಟೇಪ್, ಸ್ಕ್ರೂ, ಗೋಡೆಗೆ ಹಿಡಿಸಿದ ಆಂಕರ್ ಎಲ್ಲ ಸೇರಿದ ಜೋಡಣೆಗೆ. ಕುಲುಮೆಯ ಬಾಯಿಗೆ ಕಟ್ಟಿದ್ದು ಆ ಪೂರ್ತಿ ಜೋಡಣೆಯನ್ನು. ಇಐ 120 ಗಾಜನ್ನು ತಂದು ಊರಿನ ಫ್ಯಾಬ್ರಿಕೇಟರ್ ಕೈಯಲ್ಲಿ ಮಾಮೂಲಿ ಅಲ್ಯೂಮಿನಿಯಂ ಸೆಕ್ಷನ್‌ಗೆ ಕೂರಿಸಿದರೆ ಏನಾಗುತ್ತದೆ? ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಶಕ್ತಿ ಕಳೆದುಕೊಳ್ಳುವುದು ಅದಕ್ಕೂ ಎಷ್ಟೋ ಮುಂಚೆ. ಕುಲುಮೆ ಹತ್ತನೇ ನಿಮಿಷಕ್ಕೇ 678 ಮುಟ್ಟಿರುತ್ತದೆ ಎಂದು ಆಗಲೇ ಹೇಳಿದೆ. ಇನ್ನೂರೈವತ್ತು ಕೆ.ಜಿ. ಗಾಜು ಇಡಿಯಾಗಿ ಮಗುಚುತ್ತದೆ. ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ಟ್ಯೂಬ್ ಕರಗುವುದಿಲ್ಲ, ಆದರೆ ಶಾಖವನ್ನು ಈಚೆಗೆ ಸಾಗಿಸುತ್ತದೆ, ಬಾಗುತ್ತದೆ. ಇಐ ಗೋಡೆಗೆ ಬೇಕಾದದ್ದು ನಡುವೆ ಉಷ್ಣತಡೆ ಇರುವ ಸ್ಟೀಲ್ ಪ್ರೊಫೈಲ್, ಅಥವಾ ಅದೇ ಗಾಜಿನೊಂದಿಗೆ ಪರೀಕ್ಷೆಯಾದ ಗಟ್ಟಿಮರದ ಚೌಕಟ್ಟು.

ಕೂರಿಸುವಾಗ ಎಡವಟ್ಟಾಗುವ ಕಡೆಗಳು ಹೆಚ್ಚುಕಡಿಮೆ ಯಾವಾಗಲೂ ಇವೇ. ಗಾಜಿನ ಅಡಿಗೆ ಇಡುವ ಬ್ಲಾಕ್ ಪ್ಲಾಸ್ಟಿಕ್ ಆಗಿದ್ದರೆ ಕರಗಿ ಗಾಜು ಕೆಳಗಿಳಿಯುತ್ತದೆ, ಮೇಲೆ ಸಂದು ಬಿಡುತ್ತದೆ, ಜ್ವಾಲೆ ಅಲ್ಲಿಂದ ನುಗ್ಗುತ್ತದೆ. ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ರಿಪೋರ್ಟಿನಲ್ಲಿರುವ ಗಟ್ಟಿಮರದ ಬ್ಲಾಕೇ ಇರಬೇಕು. ಗಾಜಿನ ಎರಡೂ ಬದಿಗೆ ರಬ್ಬರ್ ಗ್ಯಾಸ್ಕೆಟ್ ಬದಲು ಸೆರಾಮಿಕ್ ಫೈಬರ್ ಟೇಪ್, ಅದರ ಮೇಲೆ ನ್ಯೂಟ್ರಲ್ ಸಿಲಿಕೋನ್. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಅಂಚಿನಿಂದ ಒಳಪದರವನ್ನು ಕೆಡಿಸುತ್ತದೆ. ಬೀಡಿಂಗ್ ಸ್ಕ್ರೂಗಳು ಫ್ರೇಮಿನ ಸ್ಟೀಲಿಗೆ ಕಚ್ಚಬೇಕು, ಮೂಲೆಯಿಂದ 50 ಮಿ.ಮೀ. ಒಳಗೆ ಮೊದಲನೆಯದು, ಆಮೇಲೆ ರಿಪೋರ್ಟ್ ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ 150ರಿಂದ 200 ಮಿ.ಮೀ. ಬೀಡಿಂಗ್ ಗಾಜಿನ ಅಂಚನ್ನು ಎಷ್ಟು ಮುಚ್ಚಬೇಕು ಎಂಬುದೂ ಅಲ್ಲೇ ಇರುತ್ತದೆ. ‘ಗಟ್ಟಿ ಇರಲಿ’ ಎಂದು ಹೆಚ್ಚು ಒಳಗೆ ತಳ್ಳಿದರೆ ಟಫನ್ಡ್ ಜಾತಿಯ ಗಾಜಿನಲ್ಲಿ ತಣ್ಣಗಿನ ಅಂಚು ಅಗಲವಾಗಿ ಬೇಗ ಸೀಳುತ್ತದೆ. ಕಡಿಮೆ ಮಾಡಿದರೆ ಜೋಲುವಾಗ ಜಾರುತ್ತದೆ. ಫ್ರೇಮ್ ಮತ್ತು ಗೋಡೆಯ ನಡುವಿನ ಸಂದಿಗೆ ಮಿನರಲ್ ವುಲ್ ಒತ್ತಿ ಫೈರ್ ಸೀಲೆಂಟ್ ಬಳಿಯಬೇಕು, ಹಳದಿ ಪಿಯು ಫೋಮ್ ಊದುವುದಲ್ಲ. ಆಂಕರ್ ಸ್ಟೀಲಿನದು, ನೈಲಾನ್ ಪ್ಲಗ್ ಅಲ್ಲ, ಅದೂ ಗಟ್ಟಿ ಬ್ಲಾಕಿಗೆ ಅಥವಾ ಕಾಂಕ್ರೀಟಿಗೆ. ಟೊಳ್ಳು ಬ್ಲಾಕಿಗೆ ಹೊಡೆದ ಆಂಕರ್ ಈ ತೂಕವನ್ನು ತಡೆಯದು.

ಸೈಟಿಗೆ ಬಂದ ಇಐ ಗಾಜನ್ನು ಕತ್ತರಿಸುವಂತಿಲ್ಲ, ಉಜ್ಜುವಂತಿಲ್ಲ, ತೂತು ಕೊರೆಯುವಂತಿಲ್ಲ. ಅಂಚಿಗೆ ಸುತ್ತಿರುವ ಟೇಪ್ ಪ್ಯಾಕಿಂಗ್ ಅಲ್ಲ, ಅದು ತೇವವನ್ನು ತಡೆಯುವ ಕವಚ. ‘ಬೀಡಿಂಗ್‌ಗೆ ಸರಿ ಕೂರುತ್ತಿಲ್ಲ’ ಎಂದು ಹುಡುಗರು ಅದನ್ನು ಬ್ಲೇಡಿನಿಂದ ಕಿತ್ತು ಎಸೆಯುವುದು ಮಾಮೂಲು. ಮುಂದಿನ ಮಳೆಗಾಲಕ್ಕೆ ಅಂಚಿನಿಂದ ಹಾಲಿನಂಥ ಮಸುಕು ಒಳಗೆ ಹಬ್ಬುತ್ತದೆ, ತಯಾರಕರು ವಾರಂಟಿ ಇಲ್ಲ ಅನ್ನುತ್ತಾರೆ. ಹಾಗಾಗಿ ಮೊದಲು ಫ್ರೇಮ್ ನಿಲ್ಲಿಸಿ, ನಾಲ್ಕೂ ಬದಿ ಮತ್ತು ಎರಡೂ ಕರ್ಣ ಅಳೆದು, ಆಮೇಲೆ ಗಾಜಿಗೆ ಆರ್ಡರ್ ಕೊಡಿ. ಹೊರದೇಶದಿಂದ ಬರುವುದಾದರೆ ವಾರಗಟ್ಟಲೆ ಕಾಯಬೇಕು, ಪೇಂಟಿಂಗ್ ಮುಗಿದ ಮೇಲೆ ನೆನಪಿಸಿಕೊಂಡರೆ ಉದ್ಘಾಟನೆ ಮುಂದಕ್ಕೆ ಹೋಗುತ್ತದೆ.

ಖರ್ಚಿನ ಮಾತಿಗೆ ಬರೋಣ. ನಿಮಗೆ ನಿಜಕ್ಕೂ 8 ಅಡಿ ಗಾಜಿನ ಗೋಡೆ ಬೇಕೇ? ಬೇಕಾದದ್ದು ಬೆಳಕು ಮತ್ತು ಆಚೆಯಿಂದ ಬರುವವರು ಕಾಣುವುದು. ಬೆಳಕನ್ನು ಮೆಟ್ಟಿಲಿನ ಹೊರಗೋಡೆಯ ಕಿಟಕಿಯಿಂದ ತನ್ನಿ, ಕಾರಿಡಾರ್ ಕಡೆ ಗಟ್ಟಿ ಬ್ಲಾಕಿನ ಗೋಡೆ ಎಬ್ಬಿಸಿ, ಅದರಲ್ಲಿ ಸರ್ಟಿಫಿಕೇಟ್ ಇರುವ 120 ನಿಮಿಷದ ಸ್ಟೀಲ್ ಬಾಗಿಲು ಇಡಿ. ಬಾಗಿಲಿನಲ್ಲಿ 200 × 600 ಮಿ.ಮೀ. ಆಸುಪಾಸಿನ ವಿಷನ್ ಪ್ಯಾನಲ್, ಅಂದರೆ ಆಚೆ ನೋಡುವ ಗಾಜಿನ ಕಿಂಡಿ, ಸಾಕು. ಅಷ್ಟು ಸಣ್ಣದರಿಂದ ಬರುವ ವಿಕಿರಣ ದೊಡ್ಡದಲ್ಲ, ಹಾಗಾಗಿ ಅಲ್ಲಿ ತೆಳುವಾದ ಇ ದರ್ಜೆಯ ಗಾಜನ್ನೇ ಹಾಕಬಹುದು, ಆ ಬಾಗಿಲು ಅದೇ ಗಾಜು, ಅದೇ ಗಾತ್ರದೊಂದಿಗೆ ಪರೀಕ್ಷೆಯಾಗಿದ್ದರೆ. ಸಾದಾ ಫೈರ್ ಡೋರ್ ತರಿಸಿ ಸೈಟಿನಲ್ಲಿ ಗ್ರೈಂಡರ್ ಹಿಡಿದು ಕಿಂಡಿ ಕೊಯ್ದರೆ ಅದರ ಸರ್ಟಿಫಿಕೇಟ್ ಅಲ್ಲಿಗೇ ಮುಗಿಯಿತು. ಡೋರ್ ಕ್ಲೋಸರ್ ಇರಲಿ, ಬಾಗಿಲಿಗೆ ಇಟ್ಟಿಗೆ ಒರಗಿಸುವ ಅಭ್ಯಾಸ ಬೇಡ.

ಗಾಜು ಬೇಕೇ ಬೇಕು ಎಂದಾದರೆ 900 ಮಿ.ಮೀ. ಎತ್ತರದವರೆಗೆ ಬ್ಲಾಕ್ ಕಟ್ಟಿ, ಮೇಲೆ ಇಐ 120 ಗಾಜು ಕೂರಿಸಿ. ಖರ್ಚು ತಗ್ಗುತ್ತದೆ, ಟ್ರಾಲಿ, ಸ್ಟ್ರೆಚರ್ ಗುದ್ದುವುದೂ ತಪ್ಪುತ್ತದೆ. ಒಂದೇ ದೊಡ್ಡ ಹಾಳೆ ಬೇಡ. 1.2 × 2.1 ಮೀಟರಿನ ಒಂದು ಹಾಳೆಯೇ ಕಾಲು ಟನ್ ತೂಗುತ್ತದೆ, ನಾಳೆ ಒಡೆದರೆ ನಾಲ್ಕನೇ ಮಹಡಿಗೆ ಏರಿಸುವವರು ಯಾರು? ನಂತರ ಯಾವ ಕಾರಣಕ್ಕೂ ಅದರ ಮೇಲೆ ಫ್ರಾಸ್ಟೆಡ್ ಸ್ಟಿಕ್ಕರ್, ಜಾಹೀರಾತು ಅಂಟಿಸಬೇಡಿ. ಮರೆ ಬೇಕಿದ್ದರೆ ಕಾರ್ಖಾನೆಯಿಂದಲೇ ಮಸುಕು ಗಾಜು ತರಿಸಿ.

ಪಶ್ಚಿಮದ ಕಿಟಕಿಯ ಲೆಕ್ಕ ಬೇರೆ. ಅಲ್ಲಿ ಹೊರಗೆ ಜನ ಹಾದುಹೋಗುವ ದಾರಿ ಇಲ್ಲ, ತಡೆಯಬೇಕಾದದ್ದು ಪಕ್ಕದ ಕಟ್ಟಡಕ್ಕೆ ಬೆಂಕಿ ಹಾರುವುದನ್ನು. ಇಡಬ್ಲ್ಯು ಹುಟ್ಟಿದ್ದೇ ಇಂಥ ಕಡೆಗೆ. ಇಐಯ ಸಾದಾ ಒಳಾಂಗಣ ಗಾಜನ್ನು ಅಲ್ಲಿ ಹಾಕಿದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಲಿಕೇಟ್ ಪದರ ಮಂಕಾಗುತ್ತದೆ. ಈ ಜಾತಿಯ ಹೆಚ್ಚಿನ ಗಾಜುಗಳಿಗೆ ತಯಾರಕರು ಹೇಳುವ ಮೇಲ್ಮಿತಿ 45 ಡಿಗ್ರಿ ಆಸುಪಾಸು, ಅದು ಗಾಳಿಯದ್ದಲ್ಲ, ಗಾಜಿನದ್ದು. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಗಾಜು ಅದನ್ನು ಸುಲಭವಾಗಿ ದಾಟುತ್ತದೆ, ಕಲಬುರಗಿ, ರಾಯಚೂರಿನಲ್ಲಿ ಕೇಳುವುದೇ ಬೇಡ. ಗುಳ್ಳೆ ಏಳುತ್ತದೆ. ಅಲ್ಲಿ ಬೋರೋಸಿಲಿಕೇಟ್ ಅಥವಾ ಸೆರಾಮಿಕ್ ನಿಶ್ಚಿಂತೆ, ಬಿಸಿಲಿಗೆ ಕೆಡುವ ಪದರವೇ ಅವುಗಳಲ್ಲಿಲ್ಲ. ಪಕ್ಕದ ಕಟ್ಟಡ ತೀರಾ ಹತ್ತಿರವಿದ್ದು ಇಲಾಖೆ ಇಐಯನ್ನೇ ಕೇಳಿದರೆ, ಹೊರಬದಿಯಲ್ಲಿ ಪಿವಿಬಿ (ಅತಿನೇರಳೆ ಕಿರಣ ತಡೆಯುವ ಪ್ಲಾಸ್ಟಿಕ್) ಪದರ ಇರುವ ಹೊರಾಂಗಣ ಮಾದರಿ ತರಿಸಿ, ಮೇಲೆ ಚಜ್ಜಾ ಕೊಡಿ. ಯಾವ ಬದಿ ಹೊರಗೆ ಎಂದು ಹಾಳೆಯ ಮೇಲೆ ಗುರುತು ಇರುತ್ತದೆ, ತಿರುಗುಮುರುಗು ಕೂರಿಸಿದರೆ ಆ ಪದರ ಇದ್ದೂ ಇಲ್ಲದಂತೆ.

ಆದರೆ ಫೈರ್ ಗಾಜಿನ ಹೆಸರಿನಲ್ಲಿ ಕಟ್ಟಡವನ್ನು ಡಬ್ಬದಂತೆ ಮುಚ್ಚಬೇಡಿ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು 90 ಮಂದಿ ಸತ್ತದ್ದು ಬಹುಪಾಲು ಹೊಗೆಯಿಂದ, ಮುಚ್ಚಿದ ಗಾಜಿನ ಹೊರಮೈಯಿಂದ ಹೊಗೆ ಹೊರಹೋಗಲಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನರನ್ನು ಬಲಿ ತೆಗೆದುಕೊಂಡದ್ದೂ ಮೇಲಿನ ಮಹಡಿಗಳಿಗೆ ಹಬ್ಬಿದ ಹೊಗೆಯೇ. ಫಿಕ್ಸೆಡ್ ಗಾಜು ಎಲ್ಲಿ, ತೆರೆಯುವ ಕಿಟಕಿ ಎಲ್ಲಿ ಎಂಬುದನ್ನು ಹೊಗೆ ಹೊರಹಾಕುವ ವ್ಯವಸ್ಥೆಯ ನಕ್ಷೆಯ ಜೊತೆಗಿಟ್ಟು ತೀರ್ಮಾನಿಸಿ.

ಈಗ ಇಬ್ಬರಿಗೂ ಕೊಟೇಶನ್ ವಾಪಸ್ ಕಳಿಸಿ, ಹೀಗೆ ಬರೆದು ಕೇಳಿ: ‘ಮೆಟ್ಟಿಲ ಗೋಡೆ, ಇಐ 120, ಎರಡೂ ಕಡೆಯ ಬೆಂಕಿಗೆ ಪರೀಕ್ಷೆಯಾದ ಪೂರ್ತಿ ಜೋಡಣೆ, ಫ್ರೇಮ್ ಸಹಿತ. ರಿಪೋರ್ಟಿನ ಎಲ್ಲ ಪುಟ, ಜೋಡಣೆಯ ನಕ್ಷೆ, ಅನುಮತಿಸಿದ ಗರಿಷ್ಠ ಅಗಲ-ಎತ್ತರ.’ ‘ರಿಪೋರ್ಟ್ ಗೋಪ್ಯ, ಸರ್ಟಿಫಿಕೇಟ್ ಮಾತ್ರ ಕೊಡುತ್ತೇವೆ’ ಎಂದರೆ ಕೊನೇಪಕ್ಷ ಪರೀಕ್ಷಾಲಯದ ಹೆಸರು, ರಿಪೋರ್ಟ್ ಸಂಖ್ಯೆ ಪಡೆದು ಪರೀಕ್ಷಾಲಯವನ್ನೇ ಕೇಳಿ. ಮಾಲು ಬಂದ ದಿನ ಪ್ರತಿ ಹಾಳೆಯ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇದೆಯೇ ನೋಡಿ: ತಯಾರಕರ ಹೆಸರು, ಉತ್ಪನ್ನದ ಹೆಸರು, ದರ್ಜೆ. ಸ್ಟಿಕ್ಕರ್ ಲೆಕ್ಕಕ್ಕಿಲ್ಲ. ಮುದ್ರೆ ಬೀಡಿಂಗ್ ಒಳಗೆ ಹೂತುಹೋಗದಂತೆ ಕೂರಿಸಲು ಹೇಳಿ, ಪ್ರತಿಯೊಂದರ ಫೋಟೋ ತೆಗೆದು ರಿಪೋರ್ಟಿನ ಜೊತೆ ಫೈಲಿನಲ್ಲಿಡಿ. ಎನ್‌ಒಸಿ ಪರಿಶೀಲನೆಗೂ, ಮುಂದೊಂದು ದಿನ ಒಡೆದ ಹಾಳೆ ಬದಲಿಸಲೂ ಅದೇ ಆಧಾರ.